ಪ್ರಯಾಣಿಕರ ವಿಮಾನ ಕಡಲ ಕಾವಲಿಗೆ

ನೀರೊಳಗಿನ ಜಲಾಂತರ್ಗಾಮಿಯನ್ನು ಆಕಾಶದಿಂದ ಹುಡುಕುವುದು ಹೇಗೆಂದು ವಾಚನಾಲಯದ ಹುಡುಗನೊಬ್ಬನು ನಮ್ಮನ್ನು ಕೇಳಿದನು. ಗಿರಣಿಯ ಗುಮಾಸ್ತರಾದ ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಜೆಟ್ ವಿಮಾನಗಳು ಬಂದ ಮೇಲೆ ಏರ್ ಇಂಡಿಯಾದ ಸೂಪರ್ ಕಾನ್‌ಸ್ಟೆಲೇಷನ್‌ಗಳು 1960ರ ದಶಕದ ಆರಂಭದಲ್ಲಿ ವಾಯುಪಡೆಗೆ ಬಂದವು. ಕೆಲವಕ್ಕೆ ಸಾಗಣೆಯ ಕೆಲಸ. ಕೆಲವು 6ನೇ ಸ್ಕ್ವಾಡ್ರನ್ನಿನಲ್ಲಿ ಕಡಲು ಕಾಯತೊಡಗಿದವು. ಅದೇ ಸ್ಕ್ವಾಡ್ರನ್ನಿನಲ್ಲಿ 1968ರವರೆಗೆ ಹಾರಿದ ಲಿಬರೇಟರುಗಳನ್ನು ಕಾನ್ಪುರದ ಗುಜರಿಯಿಂದ ಎತ್ತಿ ಸಜ್ಜುಗೊಳಿಸಿದವರು ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟಿನವರೇ!

ಇಂಥ ಕೆಲಸಕ್ಕೆ ವೇಗಕ್ಕಿಂತ ತಾಳ್ಮೆ ಮುಖ್ಯ. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ ಗಂಟೆಗಟ್ಟಲೆ ಸುತ್ತಬಲ್ಲದು. ಆಸನಗಳಿದ್ದಲ್ಲಿ ಉಪಕರಣ, ವೀಕ್ಷಕರಿಗೆ ಎಡೆಯಿರುತ್ತದೆ. ಡೀಸೆಲ್ ಜಲಾಂತರ್ಗಾಮಿಯು ಬ್ಯಾಟರಿ ತುಂಬಿಕೊಳ್ಳಲು ಗಾಳಿಯ ಕೊಳವೆಯನ್ನಾದರೂ ನೀರಿನ ಮೇಲೆ ಚಾಚಲೇಬೇಕು. ರಾಡಾರಿಗೆ ಅದೇ ಸುಳಿವು. ಪೂರ್ತಿ ಮುಳುಗಿತೋ, ರಾಡಾರ್ ಕುರುಡು; ಆಗ ಸದ್ದು ಕೇಳಿ ರೇಡಿಯೋದಲ್ಲಿ ತಿಳಿಸುವ ತೇಲುಬುರುಡೆಗಳನ್ನು ನೀರಿಗೆ ಹಾಕಬೇಕು.

ಇದು ಆಟದ ಮಾತಲ್ಲ. 1971ರ ಡಿಸೆಂಬರ್ 9ರಂದು ದೀವ್ ಬಳಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯು ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. 194 ಮಂದಿ ಮಡಿದರು. ಕಡಲ ಕಾವಲಿನ ವಿಮಾನಗಳು ನೌಕಾಪಡೆಯ ಕೈಗೆ ಬಂದದ್ದು 1976ರಲ್ಲಿ. ತಡವಾಯಿತೆಂದೇ ನಮ್ಮ ಅಭಿಪ್ರಾಯ. ಗೋವಾ ದಾರಿಯಾಗಿ ಊರಿಗೆ ಹೋಗುವವರು ದಾಬೋಳಿಯ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಒಂದು ಕಾನ್‌ಸ್ಟೆಲೇಷನ್ನನ್ನು ನೋಡಬಹುದು.