ಡಬ್ಬಿಗೆ ದುಡ್ಡು, ಕಡ್ಡಿಗೆ ಎರಡು ನಿಮಿಷ

ದೀಪಾವಳಿ ಮುಗಿದು ಮುಂಜಾನೆಯ ಥಂಡಿ ಹಿಡಿಯತೊಡಗಿದರೆ ಮೋಟರ್‌ಸೈಕಲ್ ಬಗ್ಗೆ ಸಲಹೆಗಳೂ ಬೀಳತೊಡಗುತ್ತವೆ. ಆಯಿಲ್ ಬದಲಿಸಿ, ತೆಳುವಾದದ್ದು ಹಾಕಿಸಿ, ಬ್ಯಾಟರಿ ಬಿಚ್ಚಿಡಿ, ಟ್ಯಾಂಕ್ ತುಂಬಿಸಿ ಹೊದಿಕೆ ಹಾಕಿ ನಿಲ್ಲಿಸಿ. ಇವುಗಳಲ್ಲಿ ಬಹುಪಾಲು ಹಿಮ ಬೀಳುವ ದೇಶಗಳವರು ತಮಗಾಗಿ ಮಾಡಿಕೊಂಡ ಕಟ್ಟಳೆ. ಅಲ್ಲಿ ಚಳಿಗೆ ಷೆಡ್ಡು ಸೇರಿದ ಗಾಡಿ ಹಿಮ ಕರಗಿದ ಮೇಲೇ ಹೊರಬರುವುದು. ಕಲಬುರಗಿ ಜಿಲ್ಲೆಯಲ್ಲಿ ಲೆಕ್ಕ ತಿರುವುಮುರುವು. ಡಿಸೆಂಬರ್, ಜನವರಿ ಎಂದರೆ ತೊಗರಿ ಕಟಾವು, ರಾಶಿ. ದರ ವಿಚಾರಿಸಲು ಕಮಲಾಪುರದ ಕಡೆಯಿಂದ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಓಡಾಟ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಕಡಬು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಒಂದು ಗಾಡಿಯ ಮೇಲೆ ಮೂರು ಜನ ಹೊಲಕ್ಕೆ. ವರ್ಷದಲ್ಲಿ ಗಾಡಿಗೆ ಬಿಡುವೇ ಇಲ್ಲದ ಕಾಲ ಇದು. ಆದ್ದರಿಂದ ಇಲ್ಲಿ ಚಳಿಗಾಲದ ಆರೈಕೆ ಎಂದರೆ ನಿಲ್ಲಿಸಿದ ಗಾಡಿಯ ಆರೈಕೆಯಲ್ಲ, ಓಡುವ ಗಾಡಿಯದು. ದುಡ್ಡಿನ ದೃಷ್ಟಿಯಿಂದ ನನ್ನ ವಾದ ಇಷ್ಟೇ: ಯಾವ ಆಯಿಲ್, ಎಷ್ಟು ದುಬಾರಿಯದು, ಎಷ್ಟು ಬೇಗ ಬದಲಿಸಬೇಕು ಎಂಬುದಕ್ಕೆ ನಾವು ಖರ್ಚು ಮಾಡುತ್ತೇವೆ; ಇಂಜಿನ್ನಿನೊಳಗೆ ಈ ಹೊತ್ತು ಎಷ್ಟು ಆಯಿಲ್ ಇದೆ ಎಂದು ನೋಡುವುದಿಲ್ಲ. ಉಳಿತಾಯ ಇರುವುದು ಈ ನೋಡುವುದರಲ್ಲಿ.

ಮೊದಲು ಥಂಡಿಯ ಮಾತು. ಡಬ್ಬಿಯ ಮೇಲೆ 10ಡಬ್ಲ್ಯೂ-30, 20ಡಬ್ಲ್ಯೂ-50 ಎಂದು ಬರೆದಿರುತ್ತದಲ್ಲ, ಅದರಲ್ಲಿ ಡಬ್ಲ್ಯೂ ಅಂಟಿರುವ ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಯಿಲ್ ಎಷ್ಟು ದಪ್ಪವಾಗಿ ನಿಲ್ಲುತ್ತದೆ ಎಂಬುದಕ್ಕೆ. ಎಸ್‌ಎಇ ಮಾನದಂಡದ ಪ್ರಕಾರ, ಚಳಿಯಲ್ಲಿ ಇಂಜಿನ್ ತಿರುಗೀತೇ ಎಂಬ ಪರೀಕ್ಷೆಯನ್ನು 10ಡಬ್ಲ್ಯೂ ಆಯಿಲಿಗೆ ಮಾಡುವುದು ಸೊನ್ನೆಗಿಂತ 25 ಡಿಗ್ರಿ ಕೆಳಗೆ, 20ಡಬ್ಲ್ಯೂ ಆಯಿಲಿಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಕಲಬುರಗಿಯ ರಾತ್ರಿ ಎಷ್ಟೇ ಕೊರೆದರೂ ಸೊನ್ನೆಯ ಮೇಲೆ ಹತ್ತು ಡಿಗ್ರಿಯ ಆಸುಪಾಸಿಗೆ ಬಂದರೆ ಅದೇ ದೊಡ್ಡ ಸುದ್ದಿ. ಅಂದರೆ ನಮ್ಮ ಚಳಿಗೆ ಪ್ರತ್ಯೇಕ ಆಯಿಲ್ ಎಂಬುದು ಬೇಕಿಲ್ಲದ ಸಾಮಾನು. ಕಂಪನಿ ಪುಸ್ತಕದಲ್ಲಿ ಯಾವ ಗ್ರೇಡ್ ಹೇಳಿದೆಯೋ ಅದೇ ಜನವರಿಗೂ ಸರಿ, 42-43 ಡಿಗ್ರಿಯ ಮೇ ತಿಂಗಳಿಗೂ ಸರಿ. ಮುಂಜಾನೆ ಗಾಡಿ ಚಾಲೂ ಮಾಡಿ ಐದೈದು ನಿಮಿಷ ನಿಂತಲ್ಲೇ ಗುರ್ರೆನಿಸುವುದಕ್ಕೂ ಇದೇ ಉತ್ತರ. ಅರ್ಧ ನಿಮಿಷ ಸಾಕು. ಆಮೇಲೆ ಒಂದು ಕಿಲೋಮೀಟರ್ ರೇಸ್ ಕೊಡದೆ ಮೆಲ್ಲಗೆ ಹೋದರೆ ಇಂಜಿನ್ ತಾನೇ ಬಿಸಿಯೇರುತ್ತದೆ. ನಿಂತಲ್ಲೇ ಸುಡುವ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ್ದು ಎಂಬುದು ನೆನಪಿರಲಿ.

ಇನ್ನು ಅಳತೆಯ ಮಾತು. ಕಾರಿಗೂ ಬೈಕಿಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಕಾರಿನ ಇಂಜಿನ್ನಿಗೆ ಮೂರ್ನಾಲ್ಕು ಲೀಟರ್ ಆಯಿಲ್ ಬೇಕು, ತಂಪು ಮಾಡಲು ಬೇರೆ ನೀರಿನ ವ್ಯವಸ್ಥೆ ಇರುತ್ತದೆ, ಗೇರ್‌ಬಾಕ್ಸಿಗೆ ಬೇರೆಯೇ ಆಯಿಲ್. ನಮ್ಮ ನೂರು ಸಿಸಿ ಗಾಡಿಗೆ ಒಂದು ಲೀಟರೂ ಬೇಡ. ಅಂಗಡಿಯಲ್ಲಿ ಸಿಗುವ 900 ಎಂಎಲ್ ಡಬ್ಬಿ ಬಂದದ್ದೇ ಆ ಅಳತೆಗೆ. ಅಷ್ಟರಲ್ಲೇ ಪಿಸ್ಟನ್ ಜಾರಬೇಕು, ಗೇರು ತಿರುಗಬೇಕು, ಕ್ಲಚ್ ಪ್ಲೇಟು ನೆನೆಯಬೇಕು, ಗಾಳಿಯಿಂದ ತಣಿಯುವ ಇಂಜಿನ್ನಿನ ಶಾಖವನ್ನೂ ಹೊತ್ತು ಹೊರಹಾಕಬೇಕು. ಈಗ ಲೆಕ್ಕ ಹಾಕೋಣ. ಸ್ವಲ್ಪ ಹಳೆಯದಾದ ಇಂಜಿನ್ ಸಾವಿರ ಕಿಲೋಮೀಟರಿಗೆ 100 ಎಂಎಲ್ ಆಯಿಲ್ ಕುಡಿಯುತ್ತದೆ ಎಂದುಕೊಳ್ಳಿ. ಒಂದು ಚಹಾ ಲೋಟದಷ್ಟು. ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಕಣ್ಣಿಗೆ ಬೀಳಲಿಕ್ಕಿಲ್ಲ. ಆದರೆ ಮೂರು ಸಾವಿರ ಕಿಲೋಮೀಟರ್ ಆಗುವ ಹೊತ್ತಿಗೆ 900ರಲ್ಲಿ 300 ಎಂಎಲ್ ಹೋಗಿರುತ್ತದೆ, ಮೂರರಲ್ಲಿ ಒಂದು ಪಾಲು. ಉಳಿದ ಆಯಿಲು ಅದೇ ಕೆಲಸವನ್ನು ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಬೇಗ ಸವೆಯುತ್ತ ಮಾಡುತ್ತದೆ. ಅಂಥ ಗಾಡಿಗೆ ತುಂಬಿದ್ದು ಅತಿ ದುಬಾರಿಯ ಸಿಂಥೆಟಿಕ್ ಆಗಿದ್ದರೂ ಅದು 600 ಎಂಎಲ್ ದುಬಾರಿ ಆಯಿಲ್, ಅಷ್ಟೆ.

ನೋಡುವುದಕ್ಕೂ ಒಂದು ಕ್ರಮವಿದೆ, ಅದು ತಪ್ಪಿದರೆ ನೋಡಿದ್ದೂ ಸುಳ್ಳು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಗಾಡಿಯ ಅಳತೆಗೆ ಅರ್ಥವಿಲ್ಲ. ಮೂರ್ನಾಲ್ಕು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ, ಮೇಲೆ ಹತ್ತಿದ ಆಯಿಲ್ ಕೆಳಗಿಳಿಯಲು ಎರಡು ಮೂರು ನಿಮಿಷ ಬಿಡಬೇಕು. ಆಮೇಲೆ ಬಲಗಡೆ ಕೆಳಗೆ ಇರುವ ಕಪ್ಪು ಮುಚ್ಚಳ ತಿರುಗಿಸಿದರೆ ಅದಕ್ಕೇ ಅಂಟಿಕೊಂಡ ಕಡ್ಡಿ ಹೊರಬರುತ್ತದೆ. ಅದರ ತುದಿಯಲ್ಲಿ ಎರಡು ಗೀಟು, ನಡುವೆ ಅಡ್ಡಡ್ಡ ಗೆರೆ ಕೊರೆದ ಜಾಗ. ಬಟ್ಟೆಯಿಂದ ಒರೆಸಿ ಮತ್ತೆ ಒಳಗಿಡಬೇಕು. ಹೀರೋ, ಹೊಂಡಾ ಗಾಡಿಗಳ ಪುಸ್ತಕದಲ್ಲಿ ಈ ಸಲ ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ಇಟ್ಟು ತೆಗೆಯಿರಿ ಎಂದಿರುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ: ಬಿಗಿ ಮಾಡಿ ತೆಗೆದರೆ ಕಡ್ಡಿ ಆಳಕ್ಕಿಳಿದು, ಕಡಿಮೆ ಇದ್ದ ಆಯಿಲು ಸರಿಯಾಗಿದ್ದಂತೆ ಕಾಣುತ್ತದೆ. ಬುಲೆಟ್ಟಿಗೆ, ಪಲ್ಸರಿಗೆ ಗಾಜಿನ ಕಿಂಡಿ ಇರುವುದರಿಂದ ಈ ತಾಪತ್ರಯ ಕಡಿಮೆ. ಮೇಲಿನ ಗೀಟಿಗಿಂತ ಹೆಚ್ಚು ತುಂಬುವುದೂ ತಪ್ಪೇ. ಒತ್ತಡ ಹೆಚ್ಚಿ ಸೀಲುಗಳಿಂದ ಜಿನುಗುತ್ತದೆ, ಏರ್ ಫಿಲ್ಟರಿಗೂ ಆಯಿಲ್ ಹೋಗುತ್ತದೆ. ಆಯಿಲ್ ಬದಲಿಸಿದ ಮಾರನೆಯ ದಿನ ಇನ್ನೊಂದು ಕಡೆ ಕಣ್ಣಿಡಬೇಕು: ಕೆಳಗಿನ ಡ್ರೈನ್ ಬೋಲ್ಟಿನ ವಾಷರ್ ಹಳೆಯದನ್ನೇ ಹಾಕಿದ್ದರೆ ಹನಿಹನಿಯಾಗಿ ಸೋರುತ್ತದೆ. ಕಲಬುರಗಿಯ ಮನೆಗಳಿಗೆ ಇದೊಂದು ಅನುಕೂಲ, ಅಂಗಳದ ಶಹಾಬಾದ್ ಪರಸಿಯ ಮೇಲೆ ರಾತ್ರಿ ಬಿದ್ದ ಒಂದೇ ಹನಿಯೂ ಬೆಳಿಗ್ಗೆ ಕಪ್ಪಗೆ ಕಾಣುತ್ತದೆ.

ಮೂರು ತಿಂಗಳಿಗೊಮ್ಮೆ ಸರ್ವಿಸಿಂಗ್‌ಗೆ ಬಿಡುತ್ತೇವೆ, ಮಿಸ್ತ್ರಿ ನೋಡುತ್ತಾನೆ, ನಾವೇಕೆ ನೋಡಬೇಕು ಎಂಬುದು ಮೊದಲ ಆಕ್ಷೇಪ. ಮೂರು ತಿಂಗಳು ಎಂಬ ಅಳತೆಯೇ ಹೆಚ್ಚು ಓಡಿಸುವವರಿಗೂ ಕಡಿಮೆ ಓಡಿಸುವವರಿಗೂ ಮೋಸ. ಕಮಲಾಪುರದಿಂದ ಮಹಾಗಾಂವ್ ಕ್ರಾಸ್ ದಾಟಿ ಕಲಬುರಗಿಗೆ ದಿನಾ ಬಂದುಹೋಗುವ ಶಿಕ್ಷಕರನ್ನೋ ಬ್ಯಾಂಕಿನವರನ್ನೋ ತೆಗೆದುಕೊಳ್ಳಿ. ಹೋಗಿಬರಲು ದಿನಕ್ಕೆ 70 ಕಿಲೋಮೀಟರ್ ಹಿಡಿದರೂ ತಿಂಗಳಿಗೆ 25 ದಿನಕ್ಕೆ 1,750, ಮೂರು ತಿಂಗಳಿಗೆ 5,250. ಇತ್ತ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆ ಎಂದು ಊರೊಳಗೇ ದಿನಕ್ಕೆ ಹತ್ತು ಕಿಲೋಮೀಟರ್ ತಿರುಗುವವರ ಗಾಡಿ ಅದೇ ಮೂರು ತಿಂಗಳಿಗೆ 900 ಓಡಿರುತ್ತದೆ. ಮೊದಲಿನವರಿಗೆ ನಡುವೆ ಎರಡು ಮೂರು ಸಲವಾದರೂ ಅಳತೆ ನೋಡದಿದ್ದರೆ ಅಪಾಯ. ಎರಡನೆಯವರು 900 ಕಿಲೋಮೀಟರಿಗೇ ಒಳ್ಳೆಯ ಆಯಿಲ್ ಚೆಲ್ಲುತ್ತಿದ್ದಾರೆ. ಹಾಗಂತ ಊರೊಳಗಿನವರು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋದರೂ ಸ್ವಲ್ಪ ಪಿಸ್ಟನ್ ದಾಟಿ ಕೆಳಗಿಳಿಯುತ್ತದೆ. ಇಂಜಿನ್ ಪೂರ್ತಿ ಬಿಸಿಯಾದರೆ ಅದು ಆರಿಹೋಗುತ್ತದೆ. ಥಂಡಿ ಮುಂಜಾನೆ ಹಾಲಿಗೆಂದು ಒಂದು ಕಿಲೋಮೀಟರ್ ಹೋಗಿ ಬಂದು ಬಂದ್ ಮಾಡಿದರೆ ಒಳಗೇ ಉಳಿಯುತ್ತದೆ. ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದು ನೀರು. ಕಿಲೋಮೀಟರ್ ಎಷ್ಟೇ ಆಗಿರಲಿ, ಆಗ ಬದಲಿಸಲೇಬೇಕು. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಮನೆಯಲ್ಲಿ ನಿಂತ ಗಾಡಿಯನ್ನು ವಾರಕ್ಕೊಮ್ಮೆ ಸ್ಟ್ಯಾಂಡ್ ಮೇಲೇ ಐದು ನಿಮಿಷ ಚಾಲೂ ಮಾಡಿಡುವ ರೂಢಿಯೂ ಇದೇ ತೊಂದರೆ ತಂದೊಡ್ಡುತ್ತದೆ. ಅದರ ಬದಲು ಹುಮನಾಬಾದ್ ರಸ್ತೆಗೆ ಒಂದು ಸುತ್ತು ಹೊಡೆಸುವುದು ಲೇಸು.

ಬೇಗ ಬೇಗ ಬದಲಿಸಿದರೆ ನೋಡುವ ಗೋಜೇ ಇಲ್ಲವಲ್ಲ ಎಂಬ ಇನ್ನೊಂದು ಮಾತಿದೆ. ಈಚಿನ ನೂರು ಸಿಸಿಯ ಹಲವು ಗಾಡಿಗಳ ಪುಸ್ತಕದಲ್ಲಿ 6,000 ಕಿಲೋಮೀಟರಿಗೆ ಬದಲಾವಣೆ, ನಡುವೆ ನೋಡಿ ಕಡಿಮೆಯಿದ್ದರೆ ತುಂಬಿಸಿ ಎಂದಿರುತ್ತದೆ. ಕಮಲಾಪುರದವರು ವರ್ಷಕ್ಕೆ 21,000 ಓಡಿಸುತ್ತಾರೆ; ಎರಡು ಸಾವಿರಕ್ಕೊಮ್ಮೆ ಬದಲಿಸಿದರೆ ಹತ್ತು ಸಲ, ಪುಸ್ತಕದ ಪ್ರಕಾರವಾದರೆ ಮೂರೂವರೆ. ಆಯಿಲ್, ಕೂಲಿ ಸೇರಿ ಸಲಕ್ಕೆ 450 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಸುಮಾರು ಮೂರು ಸಾವಿರದ ವ್ಯತ್ಯಾಸ. ಇಲ್ಲಿ ನಾನು ಪುಸ್ತಕಕ್ಕೆ ಪೂರ್ತಿ ಜೋತುಬೀಳುವುದಿಲ್ಲ. ರಾಶಿ ಕಾಲದಲ್ಲಿ ಈ ಭಾಗದ ಗಾಳಿಯೇ ಬೇರೆ: ಎರೆ ಹೊಲದ ದೂಳು, ತೊಗರಿ ಹೊಟ್ಟು, ಲಾರಿಗಳ ಹಿಂದೆ ಏಳುವ ಕಲ್ಲುಪುಡಿ, ಕಮಲಾಪುರದ ಹತ್ತಿರ ಕೆಂಪು ಬಾಳೆ ಬೆಳೆಯುವ ಮಣ್ಣಿನ ಕೆಂಪು ದೂಳು. ದೂಳಿನಲ್ಲಿರುವ ಮರಳಿನ ಹರಳು ಕಬ್ಬಿಣಕ್ಕಿಂತ ಗಟ್ಟಿ. ಆಯಿಲಿಗೆ ಬೆರೆತರೆ ಸಾಣೆ ಹಿಡಿದಂತೆ ಬೋರನ್ನು ತೇಯುತ್ತದೆ. ಆದ್ದರಿಂದ ಹಳ್ಳಿ ರಸ್ತೆಯಲ್ಲೇ ಓಡುವ ಗಾಡಿಗೆ ನಾಲ್ಕು ಸಾವಿರಕ್ಕೆ ಬದಲಿಸುವುದು ನನಗೆ ಒಪ್ಪಿಗೆ. ಆದರೆ ಹೆಚ್ಚಿನ ದುಡ್ಡು ಹೋಗಬೇಕಾದದ್ದು ಏರ್ ಫಿಲ್ಟರಿಗೆ, ಏಕೆಂದರೆ ದೂಳು ಒಳಗೆ ಹೋಗುವ ಮುಖ್ಯ ಬಾಗಿಲು ಅದೇ. ಆಯಿಲ್ ಹಚ್ಚಿದ ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಸ್ವಚ್ಛ ಮಾಡಿಸುವುದುಂಟು. ಅದು ಸ್ವಚ್ಛ ಮಾಡುವಂಥದ್ದಲ್ಲ, ಬದಲಿಸುವಂಥದ್ದು. ಚೈನು, ಟೈರಿನ ಗಾಳಿ ಇವಕ್ಕೆ ಹೆಚ್ಚು ಹೇಳಬೇಕಿಲ್ಲ. ಮುಂಜಾನೆ ತಣ್ಣಗಿರುವಾಗಲೇ ಗಾಳಿ ನೋಡಿಸಿ, ಬಿಚ್ಚಿದ ಹಳೆ ಆಯಿಲನ್ನು ಚೈನಿಗೆ ಬಳಿಯಬೇಡಿ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ.

ಕಪ್ಪಾಗಿದೆ, ಆದ್ದರಿಂದ ಕೆಟ್ಟಿದೆ ಎಂದು ಹೇಳಿ ಆಯಿಲ್ ಮಾರುವವರೂ ಇದ್ದಾರೆ. ಆಯಿಲಿನಲ್ಲಿ ಮಸಿಯನ್ನು ತೊಳೆದು ಹಿಡಿದಿಡುವ ರಾಸಾಯನಿಕ ಬೆರೆಸಿರುತ್ತಾರೆ. ಕಪ್ಪಾಯಿತು ಎಂದರೆ ಅದು ಕೆಲಸ ಮಾಡುತ್ತಿದೆ. ಬಣ್ಣ ನೋಡಿ ದುಡ್ಡು ಬಿಚ್ಚಬೇಡಿ. ಬೆರಳಿಗೆ ಹತ್ತಿದಾಗ ಗರಗರ ಎಂದರೆ, ಪೆಟ್ರೋಲಿನ ವಾಸನೆ ಹೊಡೆದರೆ ಬಿಚ್ಚಿ. ಇದಕ್ಕೆ ವಿರುದ್ಧವಾದ ಜಿಪುಣತನವೂ ಇದೆ: ಕಾರಿಗೆಂದು ತಂದ ಕ್ಯಾನಿನಲ್ಲಿ ಉಳಿದದ್ದನ್ನು ಬೈಕಿಗೆ ಸುರಿಯುವುದು. ಕಾರಿನ ಹಲವು ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುತ್ತದೆ. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ನೆನೆದಿರುವುದರಿಂದ ಪ್ಲೇಟು ಹಿಡಿಯದೆ ಜಾರಿ, ಪಿಕಪ್ಪೂ ಆವರೇಜೂ ಎರಡೂ ಬೀಳುತ್ತವೆ. ಜಪಾನಿನ ಜಾಸೋ ಮೋಟರ್‌ಸೈಕಲ್ ಆಯಿಲಿಗೇ ಬೇರೆ ಮಾನದಂಡ ಮಾಡಿದ್ದು ಇದಕ್ಕಾಗಿ. ಎಂಎ, ಎಂಬಿ ಎಂಬ ಅಕ್ಷರಗಳಲ್ಲಿ ನಿಮ್ಮ ಪುಸ್ತಕ ಯಾವುದನ್ನು ಹೇಳಿದೆಯೋ ಅದು ಡಬ್ಬಿಯ ಹಿಂದೆ ಇದ್ದರೆ ಸಾಕು, ಬ್ರಾಂಡಿನ ಹೆಸರಿಗೆ ಹೆಚ್ಚು ತೆರಬೇಕಿಲ್ಲ.

ಕೊನೆಯ ಆಕ್ಷೇಪವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದೇ ಅಗ್ಗವಾಗಿರುವಾಗ ಹಳೆಯದಕ್ಕೆ ಇಷ್ಟೇಕೆ ಒದ್ದಾಟ? ತೆರಿಗೆ ಸೇರಿ 80,000 ಇದ್ದ ಗಾಡಿಗೆ ಈ ಇಳಿಕೆಯಿಂದ ಉಳಿಯುವುದು ಸುಮಾರು 6,250 ರೂಪಾಯಿ. ಆಯಿಲ್ ಇಲ್ಲದೆ ಸೀಜ್ ಆದ ಇಂಜಿನ್ನಿಗೆ ಬೋರ್, ಪಿಸ್ಟನ್ ಕೆಲಸ ಮಾಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಕ್ರ್ಯಾಂಕಿಗೂ ಪೆಟ್ಟು ಬಿದ್ದಿದ್ದರೆ ಅದಕ್ಕಿಂತ ಹೆಚ್ಚು. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಸವೆತಕ್ಕೂ ಯಂತ್ರ ಕೆಡುವುದಕ್ಕೂ ಪರಿಹಾರವಿಲ್ಲ, ಹೊಸ ಗಾಡಿಯ ವಾರಂಟಿಯೂ ಹೊತ್ತಿಗೆ ಸರಿಯಾಗಿ ಸರ್ವಿಸಿಂಗ್ ಮಾಡಿಸಿದ ದಾಖಲೆ ಕೇಳುತ್ತದೆ. ಅಂದರೆ ಹೊಸದು ತಂದರೂ ಕಡ್ಡಿ ನೋಡುವ ಕೆಲಸ ತಪ್ಪುವುದಿಲ್ಲ, ಕಂತು ಮಾತ್ರ ಹೆಚ್ಚಿಗೆ ಬರುತ್ತದೆ. ಸಾಲದಲ್ಲಿ ಗಾಡಿ ಕೊಳ್ಳುವವರು ಕಂತಿನ ಜೊತೆಗೇ ತಿಂಗಳಿಗೆ ಇನ್ನೂರು ರೂಪಾಯಿ ಆಯಿಲ್, ಫಿಲ್ಟರಿಗೆಂದು ಎತ್ತಿಟ್ಟರೆ ವರ್ಷಕ್ಕೆ 2,400 ಆಗುತ್ತದೆ. ನಾಲ್ಕು ಸಾವಿರಕ್ಕೊಮ್ಮೆ ಬದಲಿಸುವ ಕಮಲಾಪುರದವರಿಗೂ ಐದು ಸಲದ ಆಯಿಲಿಗೆ 2,250 ಸಾಕು, ಉಳಿದದ್ದು ಡ್ರೈನ್ ಬೋಲ್ಟಿನ ವಾಷರಿಗೆ. ಫಿಲ್ಟರ್ ಬದಲಿಸುವ ತಿಂಗಳು ಮಾತ್ರ ಜೇಬಿನಿಂದ ಇನ್ನಷ್ಟು ಸೇರಿಸಬೇಕಾದೀತು.