ನಮ್ಮ ಕಾವಲಿನ ತೋಳ: ಅದರ ಜಾತಿ, ಬಾಳುವೆ ಮತ್ತು ಮಂದೆಯ ರಕ್ಷಣೆ



“ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು” ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಂದು ರಾತ್ರಿಯಲ್ಲಿ ನಾಲ್ಕು ಮರಿ ಕಳೆದುಕೊಂಡ ಕುರಿಗಾರನ ಸಂಕಟ ಈ ಗಾದೆಯಲ್ಲಿದೆ. ಆದರೆ ಕಲ್ಲಿನಿಂದ ಮಂದೆ ಉಳಿಯುವುದಿಲ್ಲ. ತೋಳ ಎಲ್ಲಿರುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಅರಿತವನ ಮಂದೆ ಉಳಿಯುತ್ತದೆ. ಆದುದರಿಂದ ದೇವನೂರು ಸುತ್ತಿನ ಕುರಿ, ಮೇಕೆ ಸಾಕುವವರಿಗಾಗಿ ಈ ಪಾಠ.

ತೋಳದ ಬಗೆಗಳು

ತೋಳವು ನಾಯಿಯ ಕುಲಕ್ಕೆ ಸೇರಿದ ಪ್ರಾಣಿ. ಲೋಕದಲ್ಲಿ ಹೆಚ್ಚಾಗಿರುವುದು ಬೂದು ತೋಳ. ಏಷ್ಯಾ, ಯೂರೋಪು, ಉತ್ತರ ಅಮೆರಿಕಗಳಲ್ಲಿ ಇದರ ಹಲವು ಒಳಜಾತಿಗಳಿವೆ. ಧ್ರುವಪ್ರದೇಶದ ಬಿಳಿ ತೋಳ ಹಿಮದಲ್ಲಿ ಬಾಳುತ್ತದೆ. ಇಥಿಯೋಪಿಯದ ಎತ್ತರದ ಬೆಟ್ಟಗಳ ಕೆಂಪು ಬಣ್ಣದ ತೋಳ ಬೇರೆಯೇ ಜಾತಿ. ಅದು ಒಂಟಿಯಾಗಿ ಇಲಿ ಹಿಡಿದು ತಿನ್ನುತ್ತದೆ. ಅಮೆರಿಕದ ಕೆಂಪು ತೋಳ ಕಾಡಿನಲ್ಲಿ ಅತ್ಯಲ್ಪವಾಗಿ ಉಳಿದಿದೆ.

ನಮ್ಮ ದೇಶದಲ್ಲಿ ಎರಡು ಬಗೆ. ಲಡಾಖ್, ಸ್ಪಿತಿ ಕಡೆ ದಟ್ಟ ತುಪ್ಪಳದ ಹಿಮಾಲಯದ ತೋಳವಿದೆ. ಬಯಲುಸೀಮೆಯಲ್ಲಿರುವುದು ಭಾರತೀಯ ತೋಳ. ಬಿಸಿಲಿಗೆ ಒಗ್ಗಿದ ಇದರ ಮೈ ತೆಳು, ಕೂದಲು ಗಿಡ್ಡ. ತೂಕ ಸುಮಾರು 17ರಿಂದ 25 ಕಿಲೋಗ್ರಾಂ. ಇದರ ವಂಶ ಬಹು ಪುರಾತನವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇಡೀ ದೇಶದಲ್ಲಿ ಈಗ ಉಳಿದಿರುವುದು ಸುಮಾರು ಮೂರು ಸಾವಿರ ಮಾತ್ರ.

ಗುರುತು ಹಿಡಿಯುವುದು

ನರಿಯು ತೋಳಕ್ಕಿಂತ ಚಿಕ್ಕದು, ಕಾಲು ಗಿಡ್ಡ, ತೂಕ ಹತ್ತು ಕಿಲೋಗ್ರಾಂ ಆಸುಪಾಸು. ಕಾಡುನಾಯಿಯ ಮೈ ಕೆಂಪು, ಬಾಲ ಪೊದೆಯಂತೆ ಕಪ್ಪು. ಅದು ಭದ್ರಾ ಅರಣ್ಯದಂತಹ ಕಾಡಿನ ಪ್ರಾಣಿ. ತೋಳದ ಬಣ್ಣ ಒಣಹುಲ್ಲು, ಬೂದಿ ಬೆರೆತಂತೆ. ಕಾಲು ಉದ್ದ, ಬಾಲ ಕೆಳಗೆ ಇಳಿಬಿದ್ದಿರುತ್ತದೆ. ಎಷ್ಟೋ ಸಲ ಬೀದಿನಾಯಿಗಳ ಹಿಂಡು ಮಾಡಿದ ಹಾವಳಿಯನ್ನೂ ತೋಳದ ಮೇಲೆ ಹಾಕುವುದುಂಟು.

ಬಾಳುವ ರೀತಿ

ತೋಳದ ಗುಂಪೆಂದರೆ ಒಂದು ಸಂಸಾರ: ಗಂಡು, ಹೆಣ್ಣು, ಹಿಂದಿನ ವರ್ಷದ ಮಕ್ಕಳು, ಈ ವರ್ಷದ ಮರಿಗಳು. ಸಾಮಾನ್ಯವಾಗಿ ಹಿರಿಯ ಜೋಡಿ ಮಾತ್ರ ಮರಿ ಹಾಕುತ್ತದೆ. ಗರ್ಭದ ಅವಧಿ ಸುಮಾರು ಎರಡು ತಿಂಗಳು. ಚಳಿಗಾಲದಲ್ಲಿ, ಬಂಡೆಯ ಸಂದಿನಲ್ಲೋ ಪೊದೆಯ ಬುಡದ ಬಿಲದಲ್ಲೋ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣು ಬಿಟ್ಟಿರುವುದಿಲ್ಲ. ದೊಡ್ಡವು ಬೇಟೆಯ ಮಾಂಸವನ್ನು ಹೊಟ್ಟೆಯಲ್ಲಿ ತಂದು, ಕಕ್ಕಿ ಉಣಿಸುತ್ತವೆ. ಅಣ್ಣ ಅಕ್ಕಂದಿರೂ ಈ ಕೆಲಸದಲ್ಲಿ ಸೇರುತ್ತಾರೆ.

ಕೃಷ್ಣಮೃಗ, ಮೊಲ, ಇಲಿ, ಹೆಗ್ಗಣ ಇವುಗಳ ಸ್ವಾಭಾವಿಕ ಆಹಾರ. ಬಯಲು ಉಳುಮೆಯಾಗಿ ಕೃಷ್ಣಮೃಗ ಕಡಿಮೆಯಾದ ಕಡೆ ತೋಳ ಕುರಿ, ಮೇಕೆಗಳನ್ನೇ ನೆಚ್ಚಬೇಕಾಗುತ್ತದೆ. ಬಿಲದಲ್ಲಿ ಮರಿಗಳಿರುವ ತಿಂಗಳುಗಳಲ್ಲಿ ಆಹಾರದ ಅಗತ್ಯ ಹೆಚ್ಚು. ಆಗ ಮಂದೆಗೆ ಹೆಚ್ಚಿನ ಕಾವಲು ಬೇಕು.

ನಮ್ಮ ಸೀಮೆಯ ತೋಳ

ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಅಜ್ಜಂಪುರದಲ್ಲಿ ಇಂದಿಗೂ ಈ ತಳಿಯ ಕೇಂದ್ರವಿದೆ. ದನಕ್ಕೆ ಉಳಿಸಿದ ಹುಲ್ಲು ಕೃಷ್ಣಮೃಗಕ್ಕೂ, ಅದರ ಹಿಂದೆ ತೋಳಕ್ಕೂ ನೆಲೆಯಾಯಿತು. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು, ಸುಮಾರು 1,800 ಎಕರೆ, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 2025ರಲ್ಲಿ ತೋಳಗಳಿಗಾಗಿಯೇ ವನ್ಯಧಾಮ ಘೋಷಣೆಯಾಯಿತು.

ಬ್ರಿಟಿಷರ ಆಳ್ವಿಕೆಯಲ್ಲಿ ತೋಳ ಕೊಂದವರಿಗೆ ಬಹುಮಾನವಿತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ತೋಳ ಸೇರಿದೆ. ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸವೂ ದಂಡವೂ ಉಂಟು.

ಮಂದೆಯ ರಕ್ಷಣೆಗೆ ಮಾಡತಕ್ಕದ್ದು

1. ಕತ್ತಲಾಗುವ ಮೊದಲೇ ಮಂದೆಯನ್ನು ರೊಪ್ಪಕ್ಕೆ ಸೇರಿಸಿರಿ. ಮುಸ್ಸಂಜೆ ಮತ್ತು ನಸುಕು ತೋಳದ ಹೊತ್ತು.

2. ಎಳೆಯ ಮರಿಗಳನ್ನು ಮುಚ್ಚಿದ ಗೂಡಿನಲ್ಲಿ ಕೂಡಿರಿ. ಬಯಲಲ್ಲಿ ಮಂದೆ ತರುಬುವವರು ಐದಾರು ಅಡಿ ಎತ್ತರದ ಬಲೆ ಕಟ್ಟಿ, ಅದರ ಬುಡಕ್ಕೆ ಕಲ್ಲು, ಮುಳ್ಳು ಹೇರಿರಿ. ತೋಳ ಸಂದು ಹುಡುಕಿ ನುಗ್ಗುತ್ತದೆ. ಒಳಹೊಕ್ಕರೆ ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುವುದುಂಟು.

3. ಮೇಯುವಾಗ ಹಿಂದುಳಿದ ಕುಂಟು ಕುರಿ, ಈಯುವ ಕುರಿಗಳ ಮೇಲೆ ಕಣ್ಣಿಡಿರಿ.

4. ಮಂದೆಯ ನಾಯಿಗಳಿಗೆ ಪಶುವೈದ್ಯರಿಂದ ಹುಚ್ಚುರೋಗದ ಲಸಿಕೆ ಹಾಕಿಸಿರಿ. ನಾಯಿಯ ರೋಗ ತೋಳಕ್ಕೂ, ತೋಳದ ರೋಗ ನಾಯಿಗೂ ತಗಲುತ್ತದೆ.

5. ಸತ್ತ ಕುರಿಗೆ ವಿಷ ಸವರಿ ಎಸೆಯಕೂಡದು. ಅದನ್ನು ತಿಂದು ನಿಮ್ಮ ನಾಯಿಯೇ ಸಾಯಬಹುದು. ಹದ್ದು, ನರಿಗಳೂ ಸಾಯುತ್ತವೆ. ಅದು ಅಪರಾಧವೂ ಹೌದು.

6. ತೋಳ ಕುರಿಯನ್ನು ಕೊಂದರೆ ಕಳೇಬರವನ್ನು ಕದಲಿಸದೆ ಕೂಡಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿರಿ. ಪಶುವೈದ್ಯರ ಪರೀಕ್ಷೆಯ ವರದಿ ಇದ್ದರೆ ಪರಿಹಾರಕ್ಕೆ ಆಧಾರ.

7. ತೋಳವಾಗಲಿ ನಾಯಿಯಾಗಲಿ ಮನುಷ್ಯನನ್ನು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿರಿ. ಸುಣ್ಣ, ಮೆಣಸಿನಪುಡಿ ಹಚ್ಚಬಾರದು.

ಬಿಲದಲ್ಲಿ ಮರಿ ಕಂಡರೆ ಮುಟ್ಟದೆ ಹಿಂದಿರುಗಿರಿ, ಹುಡುಗರಿಗೂ ಹೇಳಿರಿ. ಹೊಗೆ ಹಾಕಿ ಮರಿ ಕೊಂದರೆ ಹಾವಳಿ ತೀರುತ್ತದೆಂಬುದು ತಪ್ಪು. ಮುರುಕಲು ರೊಪ್ಪ ಹಾಗೆಯೇ ಇದ್ದರೆ ಮತ್ತೊಂದು ತೋಳವೋ ಬೀದಿನಾಯಿಯೋ ಬಂದೇ ಬರುತ್ತದೆ. ಹುಲ್ಲು ಉಳಿದರೆ ಕುರಿಗೂ ಮೇವು, ಕೃಷ್ಣಮೃಗಕ್ಕೂ ಮೇವು. ಕೃಷ್ಣಮೃಗ, ಮೊಲಗಳಿದ್ದಷ್ಟೂ ತೋಳಕ್ಕೆ ಊರ ಮಂದೆಯ ಹಂಗು ಕಡಿಮೆ. ಈ ಚಳಿಗಾಲಕ್ಕೆ ಮೊದಲೇ ಪ್ರತಿಯೊಬ್ಬರೂ ತಮ್ಮ ರೊಪ್ಪದ ಬೇಲಿಯನ್ನು ಒಂದು ಸುತ್ತು ನೋಡಿ ಭದ್ರಪಡಿಸಿಕೊಳ್ಳಬೇಕಾಗಿ ವಿನಂತಿ.