ಹುಣಸೆಗೆ ವರ್ಷ, ಸೊಪ್ಪಿಗೆ ದಿನ

ಎಂಟನೇ ತರಗತಿಗೆ ಶೇಕಡಾ ಲೆಕ್ಕ ಹೇಳಿಕೊಡುವಾಗ ಪುಸ್ತಕದ ಉದಾಹರಣೆಗಿಂತ ಮನೆಯ ಲೆಕ್ಕ ಮಕ್ಕಳ ತಲೆಗೆ ಬೇಗ ಹತ್ತುತ್ತದೆ. 2024ರ ಜೂನ್ ಕೊನೆಯ ವಾರ ಹಾಗೇ ಒಂದು ಕೆಲಸ ಕೊಟ್ಟೆ: ನಿಮ್ಮ ಮನೆಯಲ್ಲಿ ವಾರಕ್ಕೆ ದಿನಸಿ, ತರಕಾರಿ, ಹಾಲಿಗೆ ಎಷ್ಟು ಖರ್ಚಾಗುತ್ತದೆ, ಕೇಳಿಕೊಂಡು ಬಂದು ಚೀಟಿಯಲ್ಲಿ ಬರೆಯಿರಿ. ಹೆಸರು ಬರೆಯುವುದು ಬೇಡ ಎಂದಿದ್ದೆ. ಯಾರ ಮನೆಯ ಕಷ್ಟವೂ ತರಗತಿಯ ಮಾತಾಗಬಾರದು. ಬಂದ ಚೀಟಿಗಳಲ್ಲಿ 900 ರೂಪಾಯಿಯೂ ಇತ್ತು, 6,000ವೂ ಇತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ನಿಮ್ಮನೇಲಿ ಎಷ್ಟಾಗತ್ತೆ?’ ಎಂದಳು. ಸಂಬಳ ಎಷ್ಟೆಂದು ಗೊತ್ತಿತ್ತು, ಮನೆ ಸಾಲದ ಕಂತು ಎಷ್ಟೆಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ‘ಬರೆದು ನೋಡಿ ಹೇಳ್ತೀನಿ’ ಎಂದೆ. ಹಾಗೆ ಹೇಳಿದ ಮೇಲೆ ಬರೆಯಲೇಬೇಕಾಯಿತು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಇನ್ನೂರು ಪುಟದ ನೋಟ್‌ಬುಕ್ ಒಂದಕ್ಕೆ ದಾರ ಕಟ್ಟಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಪೆನ್ನಿಗೂ ದಾರ. ತಿನ್ನುವ, ಕುಡಿಯುವ ಏನನ್ನೇ ತಂದರೂ ತಂದವರು ಅಲ್ಲೇ ಬರೆಯಬೇಕು ಎಂದೆ. ಮೊದಲ ಮೂರು ದಿನ ಎಲ್ಲರೂ ಮರೆತರು. ಆಮೇಲೆ ಮಗನಿಗೇ ಅದೊಂದು ಆಟವಾಯಿತು. ಐದು ರೂಪಾಯಿಯ ಕಡಲೆಮಿಠಾಯಿಯನ್ನೂ ಬರೆದ.

ನಾಲ್ಕು ವಾರ ಕಳೆದ ಮೇಲೆ ಕೂಡಿ ಭಾಗಿಸಿದಾಗ ವಾರಕ್ಕೆ 4,380 ರೂಪಾಯಿ ಬಂತು. ಇದರಲ್ಲಿ ಹಾಲು 476, ತರಕಾರಿ ಮತ್ತು ಹಣ್ಣು 1,104. ತಿಂಗಳ ಸಾಮಾನಿಗೆ ಆಗ 6,450 ಆಗುತ್ತಿತ್ತು, ವಾರಕ್ಕೆ ಹಂಚಿದರೆ 1,490. ಉಳಿದ 1,310 ರೂಪಾಯಿ ನನ್ನನ್ನು ಅಲ್ಲೇ ಕೂರಿಸಿತು. ಅದು ಮೊಬೈಲಿನಲ್ಲಿ ಒತ್ತಿ, ಹತ್ತು ಹದಿನೈದು ನಿಮಿಷದಲ್ಲಿ ಬಾಗಿಲಿಗೆ ತರಿಸಿಕೊಂಡ ಸಾಮಾನಿನ ಲೆಕ್ಕ. ಅಕ್ಕಿ, ಬೇಳೆ, ಎಣ್ಣೆಗೆ ತಿಂಗಳಿಡೀ ಕೊಡುವ ಹಣಕ್ಕೆ ಹೆಚ್ಚುಕಡಿಮೆ ಸಮನಾಗಿ ಇದೂ ಹೋಗುತ್ತಿತ್ತು, ಮತ್ತು ಅದರಿಂದ ಒಂದು ಹೊತ್ತಿನ ಊಟವೂ ಆಗುತ್ತಿರಲಿಲ್ಲ.

ಒಂದು ಬುಧವಾರದ ಪುಟ ಇನ್ನೂ ಹಾಗೇ ಇದೆ. ಸಂಜೆ ಸಾರಿಗೆ ಒಗ್ಗರಣೆ ಹಾಕಿಯಾಗಿತ್ತು, ಕೊತ್ತಂಬರಿ ಸೊಪ್ಪು ಇರಲಿಲ್ಲ. ಮೊಬೈಲ್ ತೆರೆದೆ. ಸೊಪ್ಪಿಗೆ 18 ರೂಪಾಯಿ. ಇಷ್ಟಕ್ಕೇ ತರಿಸಿದರೆ ತಂದುಕೊಡುವುದಕ್ಕೂ ಹಣ ಕೊಡಬೇಕು, 199 ದಾಟಿದರೆ ಬೇಡ. ಸರಿ, ಚಿಪ್ಸ್ ಹಾಕಿದೆ, ಬಿಸ್ಕತ್ತು ಹಾಕಿದೆ, ದೋಸೆ ಹಿಟ್ಟಿನ ಪ್ಯಾಕೆಟ್ ಹಾಕಿದೆ. ಬಿಲ್ಲು 214 ರೂಪಾಯಿ. ಫ್ರಿಜ್ಜಿನಲ್ಲಿ ಹಿಂದಿನ ದಿನ ರುಬ್ಬಿದ ಹಿಟ್ಟು ಇತ್ತು. ತರಿಸಿದ ಹಿಟ್ಟು ಶನಿವಾರಕ್ಕೆ ಹುಳಿ ಬಂದು ಚೆಲ್ಲಿದೆವು. ಅಂಥ ಆರ್ಡರುಗಳು ಆ ನಾಲ್ಕು ವಾರದಲ್ಲಿ 27.

ಬೆಲೆ ಏರಿಕೆಯೇ ಕಾರಣ ಎಂದು ಅಷ್ಟು ದಿನ ನಾನು ಎಲ್ಲರಿಗೂ ಹೇಳುತ್ತಿದ್ದೆ. ಬೆಲೆ ಏರಿದ್ದು ಸುಳ್ಳಲ್ಲ. 2023ರ ಜುಲೈವರೆಗೆ ಲೀಟರಿಗೆ 39 ರೂಪಾಯಿ ಇದ್ದ ನಂದಿನಿಯ ನೀಲಿ ಪ್ಯಾಕೆಟ್ 2025ರ ಏಪ್ರಿಲ್ ಹೊತ್ತಿಗೆ 46 ಆಯಿತು. ಆದರೆ ನನ್ನ ಪುಸ್ತಕದಲ್ಲಿ ಹಾಲು ಏರಿಸಿದ್ದು ವಾರಕ್ಕೆ ಹತ್ತಿಪ್ಪತ್ತು ರೂಪಾಯಿ. ಸಾವಿರ ರೂಪಾಯಿ ಹೋಗುತ್ತಿದ್ದ ದಾರಿಯೇ ಬೇರೆ.

ಇದು ನಮ್ಮೊಬ್ಬರ ಮನೆಯ ಸಂಗತಿಯೂ ಅಲ್ಲ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಅಂಕಿ ಬಂದಾಗ ಅದನ್ನು ತರಗತಿಗೇ ಒಯ್ದೆ. ನಗರದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ, ಅದರಲ್ಲಿ ಆಹಾರದ ಪಾಲು ಶೇ 39.68. ಹಳ್ಳಿಯಲ್ಲಿ 4,122 ರೂಪಾಯಿ, ಆಹಾರದ ಪಾಲು ಶೇ 47.04. ಮಕ್ಕಳೇ ಲೆಕ್ಕ ಹಾಕಿದರು: ನಗರದ ಐದು ಜನರ ಮನೆಗೆ ವಾರಕ್ಕೆ ಸುಮಾರು 3,200. ಅದರಲ್ಲಿ ಹೊರಗಿನ ಊಟ ತಿಂಡಿಯೂ ಸೇರಿದೆ, ನನ್ನ 4,380ರಲ್ಲಿ ಹೋಟೆಲು ಸೇರಿಲ್ಲ. ಅದಕ್ಕಿಂತ ಮುಖ್ಯವಾಗಿ ನಾನು ಕಂಡದ್ದು, ಆಹಾರದೊಳಗೆ ಯಾವುದಕ್ಕೆ ಹೆಚ್ಚು ಎನ್ನುವುದು. ಅಕ್ಕಿ ರಾಗಿಗಲ್ಲ, ಹಾಲಿಗಲ್ಲ, ತರಕಾರಿಗಲ್ಲ. ಪಾನೀಯ ಮತ್ತು ಸಿದ್ಧ ತಿಂಡಿ ತಿನಿಸಿಗೆ, ಒಟ್ಟು ಖರ್ಚಿನ ಶೇ 11.09. ಹಳ್ಳಿಯಲ್ಲೂ ಆಹಾರದ ಬಾಬತ್ತುಗಳಲ್ಲಿ ಮೊದಲ ಸ್ಥಾನ ಅದಕ್ಕೇ. ನಮ್ಮ ಅಡುಗೆಮನೆಯ ನೋಟ್‌ಬುಕ್ ದೇಶದ ಲೆಕ್ಕವನ್ನೇ ಹೇಳುತ್ತಿತ್ತು.

ಪುಸ್ತಕವನ್ನು ಅತ್ತೆಗೆ ಓದಿ ಹೇಳಿದೆ. ನಂಜನಗೂಡು ತಾಲ್ಲೂಕಿನ ಹಳ್ಳಿಯವರು ಅವರು, ಈಗಲೂ ಅಕ್ಕಿಯನ್ನು ಪಾವಿನಲ್ಲೇ ಅಳೆದು ಹಾಕುವವರು. ಎಲ್ಲಾ ಕೇಳಿ, ‘ನೋಡಮ್ಮ, ಹುಣಸೆಗೆ ವರ್ಷ, ಬೇಳೆಗೆ ತಿಂಗಳು, ತರಕಾರಿಗೆ ವಾರ, ಸೊಪ್ಪಿಗೆ ದಿನ. ನೀವು ಎಲ್ಲದಕ್ಕೂ ಗಳಿಗೆ ಮಾಡ್ಕೊಂಡಿದೀರ’ ಎಂದರು.

ಆ ಮಾತನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ಅವರ ಮನೆಯಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ ಶಿವರಾತ್ರಿಯಿಂದ ಯುಗಾದಿಯೊಳಗೆ ಬಂದು ಬೀಳುತ್ತಿತ್ತಂತೆ. ರಾಗಿ ಸುಗ್ಗಿಯಲ್ಲಿ. ಸಂತೆ ವಾರಕ್ಕೊಂದು ದಿನ. ಆ ದಿನ ತಪ್ಪಿದರೆ ಇದ್ದದ್ದರಲ್ಲೇ ಅಡುಗೆ. ಒಂದೊಂದು ಪದಾರ್ಥ ಯಾವಾಗ ಹೆಚ್ಚು ಬೆಳೆಯುತ್ತದೆ, ಎಷ್ಟು ಕಾಲ ಕೆಡದೆ ಇರುತ್ತದೆ ಎನ್ನುವುದರ ಮೇಲೆ ಅದನ್ನು ಕೊಳ್ಳುವ ಕಾಲ ನಿಂತಿತ್ತು. ನಾವು ಸಂಬಳದ ದಿನ ನೋಡಿ ಕೊಳ್ಳುತ್ತೇವೆ, ಇಲ್ಲವೇ ನೆನಪಾದಾಗ ಕೊಳ್ಳುತ್ತೇವೆ. ಎರಡಕ್ಕೂ ಪದಾರ್ಥಕ್ಕೂ ಸಂಬಂಧವೇ ಇಲ್ಲ.

ಹೀಗೆ ಕೊಳ್ಳುವುದರ ಬೆಲೆ ಏನೆಂದು 2023ರ ಜುಲೈನಲ್ಲೇ ನನಗೆ ತಿಳಿಯಬೇಕಿತ್ತು. ಆಗ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು, ನಮ್ಮ ಬೀದಿಯ ಗಾಡಿಯಲ್ಲಿ ಕೆ.ಜಿ.ಗೆ 120. ಆದರೂ ಕೊಳ್ಳುತ್ತಲೇ ಇದ್ದೆ, ಟೊಮೆಟೊ ಇಲ್ಲದ ಸಾರು ನನ್ನ ಕೈಗೆ ಬರುತ್ತಿರಲಿಲ್ಲ. ಕೊನೆಗೆ ಅತ್ತೆ ಒಂದು ದಿನ ನಿಂಬೆಗಾತ್ರ ಹುಣಸೆಹಣ್ಣು ಬಿಸಿನೀರಿನಲ್ಲಿ ನೆನೆಹಾಕಿ, ಕಿವುಚಿ, ಚೂರು ಬೆಲ್ಲ ಹಾಕಿ ಬೇಳೆ ಸಾರು ಮಾಡಿದರು. ಮಕ್ಕಳು ಎರಡನೇ ಸಲ ಬಡಿಸಿಕೊಂಡರು. ವರ್ಷಕ್ಕೊಮ್ಮೆ ಕೊಂಡ ಜಾಡಿ ವಾರವಾರ ಏರಿಳಿಯುವ ಬೆಲೆಯಿಂದ ಮನೆಯನ್ನು ಕಾಯುತ್ತದೆ. 2025ರಲ್ಲಿ ತೆಂಗಿನಕಾಯಿ ಒಂದಕ್ಕೆ 55 ಕೊಟ್ಟು ತಂದಾಗಲೂ ಹೀಗೇ ಆಯಿತು. ಚಟ್ನಿಗೆ ಹುರಿಗಡಲೆ ಮುಂದಾಯಿತು, ವಾರಕ್ಕೆರಡು ದಿನ ಕಾಯಿ ಕಡಿಮೆ ಹಾಕಿ ಸೊಪ್ಪು, ಕಾಳಿನ ಬಸ್ಸಾರು ಮಾಡಿದೆವು.

ಉತ್ಸಾಹದಲ್ಲಿ ತಪ್ಪೂ ಮಾಡಿದೆ. ಅಗ್ಗಕ್ಕೆ ಸಿಕ್ಕಿತೆಂದು ಆಗಸ್ಟಿನಲ್ಲಿ 10 ಕೆ.ಜಿ. ತೊಗರಿಬೇಳೆ ತಂದು ಡಬ್ಬಿಗೆ ತುಂಬಿಸಿದೆ. ಜಿಟಿಜಿಟಿ ಮಳೆ, ಬಿಸಿಲೇ ಇಲ್ಲ. ಅಕ್ಟೋಬರಿನಲ್ಲಿ ಮುಚ್ಚಳ ತೆಗೆದರೆ ಬೇಳೆಯಲ್ಲಿ ಹುಳು ಹರಿದಾಡುತ್ತಿತ್ತು. ಮೂರು ಕೆ.ಜಿ. ಹೋಯಿತು. ಬೇಳೆಯನ್ನು ವರ್ಷಕ್ಕಿಡಬೇಕಾದರೆ ಹರಳೆಣ್ಣೆ ಸವರಿ ಚೈತ್ರದ ಬಿಸಿಲಿನಲ್ಲಿ ಒಣಗಿಸಬೇಕು, ಅದಕ್ಕೆ ಅಂಗಳ ಬೇಕು, ಪುರುಸೊತ್ತು ಬೇಕು. ಅತ್ತೆ ಬೇಳೆಗೆ ತಿಂಗಳು ಎಂದದ್ದು ನನ್ನಂಥವಳ ಮನೆಯನ್ನು ನೋಡಿಯೇ. ಹೆಚ್ಚು ಕೊಂಡರೆ ಉಳಿತಾಯ ಎನ್ನುವುದು ಎಲ್ಲ ಪದಾರ್ಥಕ್ಕೂ ನಿಜವಲ್ಲ. ಪ್ಯಾಕೆಟ್ಟಿನ ವಿಷಯದಲ್ಲೂ ಅಷ್ಟೇ. ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ಟಿನ ಪಕ್ಕ ಅದೇ ಎತ್ತರದ 850 ಮಿಲಿ ಪ್ಯಾಕೆಟ್ ಇಟ್ಟಿರುತ್ತಾರೆ. ಗ್ರಾಮಿಗೆ, ಮಿಲಿಗೆ ಇಷ್ಟು ಎಂದು ಬೆಲೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದನ್ನು ಓದುವ ಅಭ್ಯಾಸ ಮಾಡಿಕೊಂಡೆ. ಅಕ್ಕಿಯ ಮೂಟೆ 26 ಕೆ.ಜಿ. ಯಾಕೆ ಎಂದು ಮಗ ಕೇಳಿದ್ದ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು, ಒಂದು ಕೆ.ಜಿ. ಹೆಚ್ಚು ತುಂಬಿದರೆ ಅದಿಲ್ಲ.

ಬದಲಾದದ್ದು ಇಷ್ಟು. ಭಾನುವಾರ ಬೆಳಿಗ್ಗೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗಿ ವಾರದ ತರಕಾರಿ ತರುತ್ತೇವೆ. ಬೇಗ ಬಾಡುವ ಬೆಂಡೆ, ಬೀನ್ಸ್, ಸೌತೆ ಮೊದಲ ಮೂರು ದಿನಕ್ಕೆ. ಕುಂಬಳ, ಸೀಮೆಬದನೆ, ಕ್ಯಾರೆಟ್ ಕೊನೆಯ ಮೂರು ದಿನಕ್ಕೆ. ಸೊಪ್ಪನ್ನು ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಅಮ್ಮನ ಹತ್ತಿರವೇ ತೆಗೆದುಕೊಳ್ಳುತ್ತೇವೆ. ಮೊದಲು ಅವರ ಹತ್ತಿರ ಎರಡು ಮೂರು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದೆ. ಪುಸ್ತಕದಲ್ಲಿ ನೋಡಿದರೆ ನಾಲ್ಕು ವಾರದ ಚೌಕಾಸಿಯಲ್ಲಿ ಉಳಿದದ್ದು 46 ರೂಪಾಯಿ. ಒಂದು ಬುಧವಾರದ ಬಿಲ್ಲಿನ ಕಾಲುಭಾಗವೂ ಅಲ್ಲ. ಅವತ್ತಿಗೆ ಅದನ್ನು ಬಿಟ್ಟೆ. ಮೊಬೈಲಿನಲ್ಲಿ ತರಿಸುವುದಿದ್ದರೆ ವಾರಕ್ಕೆ ಒಂದು ಸಲ, ಅದೂ ನೋಟ್‌ಬುಕ್ಕಿನಲ್ಲಿ ಮೊದಲು ಬರೆದು.

ಪುಸ್ತಕ ಇನ್ನೊಂದು ಸಂಗತಿಯನ್ನೂ ತೋರಿಸಿತು, ಇದನ್ನು ಬರೆಯಲೇಬೇಕು. ಹಣ್ಣಿನ ಲೆಕ್ಕ ನೋಡುತ್ತಿದ್ದಾಗ ಪ್ರತಿ ವಾರ ಆರು ಸೇಬು, ಒಂದು ಡಜನ್ ಬಾಳೆಹಣ್ಣು ಎಂದಿತ್ತು. ಐದು ಜನಕ್ಕೆ ಇಷ್ಟು ಹೇಗೆ ಸಾಲುತ್ತಿದೆ ಎಂದು ಯೋಚಿಸಿದರೆ, ನಾನೂ ಅತ್ತೆಯೂ ತಿನ್ನುತ್ತಲೇ ಇರಲಿಲ್ಲ. ಮಕ್ಕಳಿಗಿರಲಿ ಎಂದು ಇಬ್ಬರೂ, ಒಬ್ಬರಿಗೊಬ್ಬರು ಹೇಳದೆ, ಬಿಟ್ಟಿದ್ದೆವು. ಎಪ್ಪತ್ತೆರಡು ವರ್ಷದ ಹೆಂಗಸು ಮನೆಯಲ್ಲಿ ಹಣ್ಣು ಬಿಡುತ್ತಿದ್ದಾಗ ಅದೇ ಮನೆಗೆ ಚಿಪ್ಸು ಬರುತ್ತಿತ್ತು. ಆ ವಾರದಿಂದ ಹಣ್ಣಿನ ಖರ್ಚನ್ನು ಬೇಕೆಂದೇ ಹೆಚ್ಚಿಸಿದೆ. ಹಾಗಾಗಿ ಈಗ ತರಕಾರಿ, ಹಣ್ಣು 1,150 ಆಗಿದೆ, ಹಾಲು 490. ವರ್ಷದ ಸಾಮಾನಿನ ಪಾಲೂ ಸೇರಿ ದಿನಸಿ 1,350, ಇತರೆ 310. ಒಟ್ಟು 3,300. ವಾರಕ್ಕೆ 1,080 ಉಳಿದರೆ ವರ್ಷಕ್ಕೆ 56,000 ದಾಟುತ್ತದೆ, ನಮ್ಮ ಮನೆ ಸಾಲದ ಎರಡು ಕಂತು.

ಈ ಲೆಕ್ಕವನ್ನು ನಾನು ಹೆಮ್ಮೆಯಿಂದ ಹೇಳಿಕೊಂಡದ್ದು ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮುಂದೆ. ಅವರು ಪಾತ್ರೆ ತೊಳೆಯುತ್ತಲೇ, ‘ವರ್ಷದ್ದು ಒಂದೇ ಸಲ ತರಕ್ಕೆ ಕೈಲಿ ದುಡ್ಡಿರಬೇಕಲ್ಲ ಮಿಸ್’ ಎಂದರು. ಅವರ ಮನೆಯಲ್ಲಿ ನಾಲ್ಕು ಜನ. ಅಕ್ಕಿ ನ್ಯಾಯಬೆಲೆ ಅಂಗಡಿಯದು. 2025ರ ಫೆಬ್ರುವರಿಯಿಂದ ಅನ್ನಭಾಗ್ಯದಲ್ಲಿ ತಲೆಗೆ 10 ಕೆ.ಜಿ. ಬರುತ್ತಿತ್ತು. ಉಳಿದದ್ದೆಲ್ಲ ವಾರದ ಕೂಲಿ ಸಿಕ್ಕ ದಿನ: ಎಣ್ಣೆ ಕಾಲು ಲೀಟರ್, ಬೇಳೆ ಅರ್ಧ ಕೆ.ಜಿ., ಹುಣಸೆ 50 ಗ್ರಾಂ. ವಾರಕ್ಕೆ ಸಾವಿರದ ಆಸುಪಾಸು. ಕೂತು ಲೆಕ್ಕ ಹಾಕಿದೆವು. 50 ಗ್ರಾಮಿನ ಪೊಟ್ಟಣದ ಲೆಕ್ಕದಲ್ಲಿ ಅವರು ಹುಣಸೆಗೆ ಕೆ.ಜಿ.ಗೆ 300 ಕೊಡುತ್ತಿದ್ದರು. ಸುಗ್ಗಿಯಲ್ಲಿ ನನಗೆ ಅದು 130ಕ್ಕೆ ಸಿಕ್ಕಿತ್ತು. ಕಡಿಮೆ ದುಡ್ಡಿರುವವರಿಗೇ ಸಾಮಾನು ಹೆಚ್ಚು ಬೆಲೆಗೆ ಸಿಗುತ್ತದೆ. ತರಗತಿಗೆ ಬಂದಿದ್ದ ಆ 900 ರೂಪಾಯಿಯ ಚೀಟಿ ನೆನಪಾಯಿತು. ಅದನ್ನು ಬರೆದ ಮಗುವಿನ ಮನೆಯವರು ಮಿತವ್ಯಯಿಗಳು ಎಂದು ಆವತ್ತು ಅಂದುಕೊಂಡಿದ್ದೆ.

2025ರ ಮಾರ್ಚಿನಲ್ಲಿ ನಮ್ಮ ಬೀದಿಯ ಮೂರು ಮನೆ ಮತ್ತು ಅಕ್ಕ ಸೇರಿ 20 ಕೆ.ಜಿ. ಹುಣಸೆಹಣ್ಣು ತರಿಸಿದೆವು. ಹಣವನ್ನು ನಾವು ಹಾಕಿದೆವು, ಅವರು ತಮ್ಮ ಮೂರು ಕೆ.ಜಿ.ಯ ಹಣವನ್ನು ಗೃಹಲಕ್ಷ್ಮಿಯ ದುಡ್ಡು ಬಂದಾಗ ನೂರರಂತೆ ಕೊಟ್ಟು ತೀರಿಸಿದರು. ತಾರಸಿಯ ಮೇಲೆ ಚಾಪೆ ಹಾಸಿ, ಅಂಗೈಗೆ ಎಣ್ಣೆ ಸವರಿಕೊಂಡು ಬೀಜ, ನಾರು ತೆಗೆದೆವು. ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬುವ ಕೆಲಸ ಅತ್ತೆಯದು; ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಸಂಜೆ ಅಕ್ಕ ತಮ್ಮ ಪಾಲನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿಕೊಂಡು ಹೊರಟವರು ಗೇಟಿನ ಹತ್ತಿರ ನಿಂತು, ‘ಬರೋ ವರ್ಷಕ್ಕೆ ಬ್ಯಾಡಗಿ ಮೆಣಸಿನಕಾಯೂ ಹಿಂಗೇ ತರ್ಸಣ ಮಿಸ್, ನನ್ನ ಹೆಸರು ಈಗಲೇ ಬರ್ಕೊಳಿ’ ಎಂದರು. ಒಳಗೆ ಬಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ: ಮೆಣಸಿನಕಾಯಿ, ಎರಡು ಕೆ.ಜಿ.